ಕಂಪ್ಯೂಟರ್ ಕಷ್ಟ-ಸುಖ: ಮನೆಯಲ್ಲೇ ನೋಡಲೋ, ಅಂಗಡಿಗೆ ಒಯ್ಯಲೋ?

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆ. ಬೇಸಿಗೆಯಲ್ಲಿ "ಯಾವ ಲ್ಯಾಪ್‌ಟಾಪ್ ತಗೊಳ್ಳಲಿ" ಎಂದು ಕೇಳಿದವರೇ ಈಗ "ಆನ್ ಆಗ್ತಿಲ್ಲ, ಏನು ಮಾಡಲಿ" ಎಂದು ಬರೆಯುತ್ತಾರೆ. ನಾನು ಹುಟ್ಟಿದ್ದು ಕಾರವಾರದ ಕೋಡಿಬಾಗದಲ್ಲಿ, ರಿಪೇರಿ ಅಂಗಡಿ ಇಟ್ಟಿರುವುದು ಶಿರಸಿಯಲ್ಲಿ. ಕಡಲ ಉಪ್ಪುಗಾಳಿ ಕಂಪ್ಯೂಟರಿಗೆ ಏನು ಮಾಡುತ್ತದೆ ಎಂಬುದೂ ಗೊತ್ತು, ಘಟ್ಟದ ಮೇಲಿನ ಥಂಡಿ ಏನು ಮಾಡುತ್ತದೆ ಎಂಬುದೂ ಗೊತ್ತು.

ಯಾವುದನ್ನು ನಾವೇ ನೋಡಬಹುದು, ಯಾವುದನ್ನು ರಿಪೇರಿಗೆ ಕೊಡಬೇಕು ಎಂದು ಬಹಳ ಜನ ಕೇಳಿದ್ದೀರಿ. ನಾನಂತೂ ಒಂದೇ ಲೆಕ್ಕ ಹಾಕುತ್ತೇನೆ. ಈಗ ಕೈ ಹಾಕುವ ಕೆಲಸ ಕೆಟ್ಟರೆ, ಮತ್ತೆ ಮೊದಲಿನ ಹಾಗೆ ಮಾಡಲು ಬರುತ್ತದಾ? ವೈರ್ ತೆಗೆದು ಹಾಕುವುದು, ರೀಸ್ಟಾರ್ಟ್ ಮಾಡುವುದು, ಬೇರೆ ಪ್ಲಗ್ಗಿಗೆ ಚುಚ್ಚಿ ನೋಡುವುದು, ಇವನ್ನೆಲ್ಲ ಹತ್ತು ಸಲ ಮಾಡಿ. ಆದರೆ ಫೈಲು, ಕರೆಂಟು, ಬ್ಯಾಟರಿ ಈ ಮೂರರ ಹತ್ತಿರ ಬಂದಾಗ ಕೈ ಹಿಂದೆ ತೆಗೆದುಕೊಳ್ಳಿ. ಕಂಪ್ಯೂಟರ್ ಬಗ್ಗೆ ನಿಮಗೆ ಎಷ್ಟೇ ಗೊತ್ತಿದ್ದರೂ ಸರಿ.

ಪ್ರಶ್ನೆ: ಅಕ್ಕಾ, ಮೊನ್ನೆ ರಾತ್ರಿ ನಮ್ಮಲ್ಲಿ ಜೋರು ಸಿಡಿಲು. ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ಆನ್ ಆಗುತ್ತಿಲ್ಲ, ಮೋಡೆಮ್ಮಿನ ಲೈಟೂ ಇಲ್ಲ. ಅಡಿಕೆ ಲೆಕ್ಕ ಎಲ್ಲ ಅದರಲ್ಲೇ ಇದೆ. ಹೊಸದೇ ತೆಗೆದುಕೊಳ್ಳಬೇಕಾ?
— ಅಡಿಕೆ ಬೆಳೆಗಾರರು, ಸಿದ್ದಾಪುರ ತಾಲೂಕು

ಇಷ್ಟು ಬೇಗ ಆಸೆ ಬಿಡಬೇಡಿ. ಸಿಡಿಲಿನ ಹೊಡೆತಕ್ಕೆ ಹೆಚ್ಚಾಗಿ ಮೊದಲು ಸಿಗುವುದು ಎಸ್‌ಎಂಪಿಎಸ್. ಸಿಪಿಯು ಡಬ್ಬದ ಹಿಂಬದಿಗೆ ಪವರ್ ವೈರ್ ಚುಚ್ಚುತ್ತೀರಲ್ಲ, ಆ ಪೆಟ್ಟಿಗೆ. ಅದು ಸುಟ್ಟರೂ ಒಳಗಿನ ಹಾರ್ಡ್ ಡಿಸ್ಕ್ ಉಳಿದಿರುವುದೇ ಜಾಸ್ತಿ. ಡಿಸ್ಕ್ ಉಳಿದಿದ್ದರೆ ನಿಮ್ಮ ಲೆಕ್ಕವೂ ಉಳಿದ ಹಾಗೆ.

ಮೊದಲು ಮೂಗಿಗೆ ಕೆಲಸ ಕೊಡಿ. ಎಲ್ಲ ಪ್ಲಗ್ ತೆಗೆದು ಡಬ್ಬದ ಹಿಂದಿನ ಫ್ಯಾನಿನ ಹತ್ತಿರ ವಾಸನೆ ನೋಡಿ. ಸುಟ್ಟ ವಾಸನೆ ಇದ್ದರೆ ಮತ್ತೆ ಪ್ಲಗ್ ಹಾಕಲೇಬೇಡಿ, ಸೀದಾ ಅಂಗಡಿಗೆ ತನ್ನಿ. ವಾಸನೆ ಇಲ್ಲ ಅಂದರೆ ಮುಂದಿನದು ಮನೆಯ ಕೆಲಸ. ಅದೇ ಪಾಯಿಂಟಿಗೆ ಟೇಬಲ್ ಲ್ಯಾಂಪೋ ಮೊಬೈಲ್ ಚಾರ್ಜರೋ ಹಾಕಿ ಕರೆಂಟ್ ಬರುತ್ತಿದೆಯಾ ನೋಡಿ. ಯುಪಿಎಸ್ ಇದ್ದರೆ ಅದನ್ನು ಬದಿಗಿಟ್ಟು ಗೋಡೆಯ ಪಾಯಿಂಟಿಗೇ ನೇರ ಕೊಡಿ. ಎಸ್‌ಎಂಪಿಎಸ್ ಹಿಂದೆ ಒಂದು ಪುಟ್ಟ ಸ್ವಿಚ್ ಇರುತ್ತದೆ, ಕಸ ಗುಡಿಸುವಾಗ ಹಿಡಿ ತಾಗಿ ಆಫ್ ಆಗಿದ್ದಕ್ಕೆ ದೂರದಿಂದ ಡಬ್ಬ ಹೊತ್ತು ತಂದವರನ್ನು ನೋಡಿದ್ದೇನೆ. ಕೊನೆಗೆ ಪ್ಲಗ್ ತೆಗೆದು ಆನ್ ಮಾಡುವ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಬಿಟ್ಟು, ಮತ್ತೆ ಪ್ಲಗ್ ಹಾಕಿ ನೋಡಿ. ಇಷ್ಟಕ್ಕೂ ಜೀವ ಬರದಿದ್ದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು.

ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರ ಬಿಚ್ಚಬೇಡಿ. ಗೋಡೆಯಿಂದ ಬರುವ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟಿನ ಡಿಸಿ ಆಗಿ, ಕರೆಂಟ್ ಹಿಡಿದಿಡುವ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. ನಾವು ಕೂಡ ಅದನ್ನು ಬಿಚ್ಚಿ ರಿಪೇರಿ ಮಾಡುವುದು ಕಡಿಮೆ, ಇಡೀ ಪೆಟ್ಟಿಗೆಯನ್ನೇ ಬದಲಿಸುತ್ತೇವೆ.

ಮೋಡೆಮ್ಮೂ ಸತ್ತಿದೆ ಎಂದಿದ್ದೀರಿ, ಅದರ ಬಗ್ಗೆ ಒಂದು ಮಾತು. ಹಳೆಯ ತಾಮ್ರದ ಟೆಲಿಫೋನ್ ವೈರಿನ ಸಂಪರ್ಕವಾದರೆ ಸಿಡಿಲು ಆ ವೈರಿನಲ್ಲಿ ಬಂದು, ಮೋಡೆಮ್ ಸುಟ್ಟು, ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೂ ತಾಗಬಹುದು. ಫೈಬರ್ ಆದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ, ದಾರಿ ಅಲ್ಲಿಂದಲೂ ಇದೆ. ಆದ್ದರಿಂದ ಗುಡುಗು ದೂರದಲ್ಲಿ ಕೇಳುವಾಗಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ ತಪ್ಪಿಸುವುದು ಫೇಸ್ ವೈರ್ ಒಂದನ್ನೇ, ನ್ಯೂಟ್ರಲ್ಲೂ ಅರ್ಥಿಂಗೂ ಹಾಗೇ ಸೇರಿಕೊಂಡಿರುತ್ತವೆ. ಅಂಗಡಿಯಲ್ಲಿ ಸಿಗುವ ಅಗ್ಗದ ಸ್ಪೈಕ್ ಗಾರ್ಡುಗಳಲ್ಲಿ ಎಷ್ಟೋ ಸುಮ್ನೆ ಎಕ್ಸ್‌ಟೆನ್ಷನ್ ಬೋರ್ಡುಗಳು, ಹೆಸರಿಗೆ ಮಾತ್ರ ಗಾರ್ಡು. ಅರ್ಥಿಂಗ್ ಗುಂಡಿಯನ್ನೂ ಒಮ್ಮೆ ಎಲೆಕ್ಟ್ರಿಶಿಯನ್ನರಿಗೆ ತೋರಿಸಿ. ನಮ್ಮ ಕೆಂಪು ಕಲ್ಲಿನ ನೆಲದಲ್ಲಿ ಬೇಸಿಗೆಗೆ ಗುಂಡಿ ಒಣಗಿ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ ಆಗಿರುತ್ತದೆ. ಮೊದಲ ಸಿಡಿಲು ಬರುವುದೂ ಅದೇ ಹೊತ್ತಿಗೆ.

ಪ್ರಶ್ನೆ: ನಮ್ಮ ಮನೆಯಿಂದ ಕಡಲು ಕಾಣುತ್ತದೆ. ಹದಿನೈದು ದಿನ ಮಗನ ಮನೆಗೆ ಹೋಗಿ ಬಂದೆ. ಈಗ ಕಂಪ್ಯೂಟರ್ ಆನ್ ಮಾಡಿದರೆ ಬೀಪ್ ಬೀಪ್ ಎನ್ನುತ್ತದೆ, ಪರದೆ ಕಪ್ಪು. ತಾರೀಖು ಕೂಡ ಆಗಾಗ ಹಿಂದಕ್ಕೆ ಹೋಗುತ್ತಿತ್ತು.
— ನಿವೃತ್ತ ನೌಕರರು, ಕಾರವಾರ

ಸರ್, ಇದು ನಮ್ಮೂರಿನ ಮಾಮೂಲಿ ಕಾಯಿಲೆ. ಬೀಪ್ ಬರುತ್ತಿದೆ ಅಂದರೆ ಬೋರ್ಡಿಗೆ ಜೀವ ಇದೆ, ಏನೋ ಸಿಗುತ್ತಿಲ್ಲ ಎಂದು ಹೇಳುತ್ತಿದೆ. ಹೆಚ್ಚಾಗಿ ಅದು ಕೆಲಸದ ಹೊತ್ತಿನ ನೆನಪಿನ ಪಟ್ಟಿಯಾದ ರ‍್ಯಾಮ್. ಕೆಲಸವಿಲ್ಲದೆ ತಣ್ಣಗೆ ಬಿದ್ದಿರುವ ಕಂಪ್ಯೂಟರಿನ ಒಳಗೆ ತೇವ ಕೂರುತ್ತದೆ, ಕಡಲ ಗಾಳಿಯ ಉಪ್ಪು ಅದಕ್ಕೆ ಸೇರುತ್ತದೆ, ರ‍್ಯಾಮ್ ಪಟ್ಟಿಯ ಕಾಲುಗಳ ಮೇಲೆ ಮಸುಕು ಪದರ ಕಟ್ಟುತ್ತದೆ.

ಡೆಸ್ಕ್‌ಟಾಪ್ ಆದ್ದರಿಂದ ಇದನ್ನು ನೀವೇ ನೋಡಬಹುದು. ಪ್ಲಗ್ ತೆಗೆಯಿರಿ. ಡಬ್ಬದ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟಾಟಿಕ್ ಇಳಿಯಲಿ. ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕ್ಲಿಪ್ಪು ಹೊರಗೆ ಒತ್ತಿದರೆ ಪಟ್ಟಿ ಮೇಲೇಳುತ್ತದೆ. ಅಂಚು ಹಿಡಿದು ತೆಗೆಯಿರಿ. ಕೆಳಗಿನ ಚಿನ್ನದ ಬಣ್ಣದ ಕಾಲುಗಳನ್ನು ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ, ಒಂದೇ ದಿಕ್ಕಿಗೆ ಉಜ್ಜಿ. ಪುಡಿಯನ್ನು ಒಣ ಬ್ರಶ್ಶಿನಿಂದ ಗುಡಿಸಿ, ಬಾಯಲ್ಲಿ ಊದಬೇಡಿ. ಪಟ್ಟಿಯ ನಡುವಿನ ಗೀರು ಸ್ಲಾಟಿನ ಗೀರಿಗೆ ಕೂಡುವ ಹಾಗೆ ಇಟ್ಟು, ಎರಡೂ ಬದಿ ಟಕ್ ಎನ್ನುವವರೆಗೆ ಒತ್ತಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ತಾರೀಖು ಹಿಂದೆ ಹೋಗುವುದಕ್ಕೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಕಾರಣ. ಸಿಆರ್ 2032, 3 ವೋಲ್ಟ್. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬ ಬಿಚ್ಚಿದಾಗಲೇ ಹಾಕಿಬಿಡಿ, ಆಮೇಲೆ ತಾರೀಖು ಸರಿ ಮಾಡಿ.

ಆದರೆ ಒಳಗೆ ನೋಡುವಾಗ ಸ್ಲಾಟಿನ ಸುತ್ತ ಹಸಿರು ಅಥವಾ ಬಿಳಿ ಪುಡಿ ಹಿಡಿದದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಕಿಲುಬು, ರಬ್ಬರಿಗೆ ಬಗ್ಗುವುದಿಲ್ಲ. ಉಜ್ಜಿದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬರುತ್ತದೆ. ಹಾಗೆಯೇ ರ‍್ಯಾಮ್ ಬದಲಿಸಿ ಕೂರಿಸಿದ ಮೇಲೂ ಅದೇ ಬೀಪ್ ಇದ್ದರೆ ಅಂಗಡಿಗೆ ಕೊಡಿ. ಮುಂದೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿಸಿ. ಒಳಗೆ ಬಿಸಿಯಾದರೆ ತೇವ ಆರುತ್ತದೆ. ಬಟ್ಟೆ ಹೊದಿಸಿ ಮುಚ್ಚಿಡುವ ಅಭ್ಯಾಸ ಇದ್ದರೆ ಬಿಡಿ, ತೇವ ಒಳಗೇ ಉಳಿಯುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದೆ. ಫೋಲ್ಡರ್ ಒಮ್ಮೆ ಕಾಣುತ್ತೆ, ಒಮ್ಮೆ ಕಾಣಲ್ಲ. ಪ್ರಾಜೆಕ್ಟ್, ಅಜ್ಜಿಯ ವಿಡಿಯೋ ಎಲ್ಲ ಅದರಲ್ಲೇ ಇದೆ. ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಲಾ? ಫ್ರೀಜರಲ್ಲಿಟ್ಟರೆ ಸರಿಯಾಗುತ್ತೆ ಅಂತ ಗೆಳತಿ ಹೇಳಿದಳು.
— ಕಾಲೇಜು ವಿದ್ಯಾರ್ಥಿನಿ, ಕುಮಟಾ

ತಂಗಿ, ಇದನ್ನು ಓದುವಾಗ ಆ ಡಿಸ್ಕ್ ಇನ್ನೂ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡಿದ್ದರೆ ಈಗಲೇ ತೆಗೆ. ಈ ಸಲ ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಆತಂಕ ಆದದ್ದು ನಿನ್ನದಕ್ಕೇ.

ಇಂಥ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ಇರುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ಹೆಡ್ ತೇಲುತ್ತಿರುತ್ತದೆ. ತಟ್ಟೆಗೂ ಹೆಡ್ಡಿಗೂ ಇರುವ ಸಂದು ತಲೆಕೂದಲ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಹೆಡ್ ದಾರಿ ಸಿಗದೆ ಮತ್ತೆ ಮತ್ತೆ ಮೂಲ ಜಾಗಕ್ಕೆ ಹೋಗಿ ಬರುವ ಸದ್ದೇ ಈ ಟಕ್ ಟಕ್. ಹೆಡ್ ಹಾಳಾಗಿ ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿನಲ್ಲೂ ಅಜ್ಜಿಯ ವಿಡಿಯೋ ಇರುವ ಪದರವೇ ಕೆರೆದು ಹೋಗುತ್ತದೆ. ರಿಕವರಿ ಸಾಫ್ಟ್‌ವೇರ್ ಏನು ಮಾಡುತ್ತದೆ ಗೊತ್ತಾ? ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ. ಗಾಯವಾದ ಕಾಲಿನಲ್ಲಿ ದೇವಿಮನೆ ಘಟ್ಟ ಹತ್ತಿಸಿದ ಹಾಗೆ. ವಿಂಡೋಸ್ ತಾನಾಗಿ "ಡಿಸ್ಕ್ ಸರಿಪಡಿಸಲಾ?" ಎಂದು ಕೇಳಿದರೂ ಬೇಡ ಅನ್ನು. ಅದು ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯನ್ನು ಸರಿ ಮಾಡುವ ಭರದಲ್ಲಿ ಫೈಲಿನ ಗುರುತನ್ನೇ ಅಳಿಸಿಬಿಡಬಹುದು. ಫಾರ್ಮ್ಯಾಟ್ ಮಾಡಲಾ ಎಂದು ಕೇಳಿದರಂತೂ ಬೇಡವೇ ಬೇಡ.

ಫ್ರೀಜರ್ ವಿಷಯ. ಅದು ಬಹಳ ಹಳೇ ಮಾತು. ಕುಮಟಾದ ಗಾಳಿಯಲ್ಲಿ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದಿಟ್ಟರೆ ಎರಡು ನಿಮಿಷಕ್ಕೆ ಹೊರಗೆಲ್ಲ ಬೆವರುತ್ತದೆ ಅಲ್ವಾ? ಡಿಸ್ಕಿನ ಒಳಗಿನ ತಟ್ಟೆಯೂ ಹಾಗೇ ಬೆವರುತ್ತದೆ.

ಒಂದೇ ಒಂದು ಪರೀಕ್ಷೆ ಮಾಡಬಹುದು, ಅದೂ ಒಂದೇ ಸಲ. ಕೆಲವೊಮ್ಮೆ ಕೇಬಲ್ ಹಾಳಾಗಿ, ಇಲ್ಲವೇ ಯುಎಸ್‌ಬಿ ಪೋರ್ಟಿನಿಂದ ಬರುವ ಕರೆಂಟ್ ಸಾಲದೆ ಡಿಸ್ಕ್ ಹೀಗೇ ಟಕ್ ಟಕ್ ಎನ್ನುತ್ತದೆ. ನಡುವೆ ಹಬ್ ಇದ್ದರೆ ತೆಗೆದುಹಾಕು. ಬೇರೆ ಗಿಡ್ಡ ಕೇಬಲ್, ಬೇರೆ ಕಂಪ್ಯೂಟರಿನ ಹಿಂಬದಿಯ ಪೋರ್ಟು, ಅಷ್ಟೇ. ಸದ್ದು ನಿಂತು ಫೋಲ್ಡರ್ ಸರಿಯಾಗಿ ಕಂಡರೆ ಮೊದಲು ಅಜ್ಜಿಯ ವಿಡಿಯೋ ಕಾಪಿ ಮಾಡು, ಆಮೇಲೆ ಪ್ರಾಜೆಕ್ಟು. ಸಿನಿಮಾ ಕೊನೆಗೆ. ಸದ್ದು ನಿಲ್ಲದಿದ್ದರೆ ಕಿತ್ತು ಡಬ್ಬಿಯಲ್ಲಿಡು.

ನಂತರದ ದಾರಿ ಬೇರೆ. ಡಿಸ್ಕ್ ಬಿಚ್ಚಿ ಹೆಡ್ ಬದಲಿಸಲು ಧೂಳೇ ಇಲ್ಲದ ಕೋಣೆ ಬೇಕು, ಅದೇ ಮಾದರಿಯ ಇನ್ನೊಂದು ಡಿಸ್ಕ್ ಬೇಕು. ನಮ್ಮಂಥ ಅಂಗಡಿಯಲ್ಲಿ ಅದಾಗುವುದಿಲ್ಲ. ಡೇಟಾ ರಿಕವರಿ ಒಂದನ್ನೇ ಮಾಡುವ ಲ್ಯಾಬಿಗೆ ಕಳಿಸಬೇಕು. ಖರ್ಚು ಕೇಳಿದರೆ ಎದೆ ಝಲ್ ಎನ್ನುತ್ತದೆ, ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಜಾಸ್ತಿ. "ಬಿಚ್ಚಿ ನೋಡೋಣ ಕೊಡಿ" ಎಂದು ಯಾರಾದರೂ ಸ್ಕ್ರೂಡ್ರೈವರ್ ಎತ್ತಿದರೆ ಮಾತ್ರ ಡಿಸ್ಕ್ ವಾಪಸ್ ಇಸಿದುಕೋ. ಒಮ್ಮೆ ಧೂಳು ಕೂತ ತಟ್ಟೆಯಿಂದ ಓದುವುದು ಲ್ಯಾಬಿನವರಿಗೂ ಕಷ್ಟ. ಅಷ್ಟು ಖರ್ಚು ಈಗ ಆಗುವುದಿಲ್ಲ ಅಂದರೂ ಪರವಾಗಿಲ್ಲ, ಡಿಸ್ಕನ್ನು ಹಾಗೇ ಒಣ ಜಾಗದಲ್ಲಿಡು. ಕೆಲಸಕ್ಕೆ ಸೇರಿದ ಮೇಲೆ ಕಳಿಸಬಹುದು. ಪದೇಪದೇ ಆನ್ ಮಾಡಿ ನೋಡದಿದ್ದರೆ ಸಾಕು.

ಉಳಿದವರಿಗೂ ಸೇರಿಸಿ ಹೇಳುತ್ತೇನೆ. ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗ ಇಲ್ಲ, ಚಿಪ್ಪಿನಲ್ಲೇ ಫೈಲು ಇರುತ್ತದೆ, ಆದ್ದರಿಂದ ಈ ಟಕ್ ಟಕ್ ಎಂಬ ಎಚ್ಚರಿಕೆಯೂ ಇಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಕಂಪ್ಯೂಟರಿಗೆ ಕಾಣುವುದೇ ಇಲ್ಲ, ಹಾಗಾಗುತ್ತದೆ. ಅದರಲ್ಲಿ ಡಿಲೀಟ್ ಮಾಡಿದ ಫೈಲನ್ನು ವಾಪಸ್ ತರುವುದೂ ಹಳೇ ಡಿಸ್ಕಿನಷ್ಟು ಸುಲಭ ಅಲ್ಲ. ಹಾಗಾಗಿ ಎರಡು ಕಡೆ ಕಾಪಿ ಇಡಿ.

ಪ್ರಶ್ನೆ: ಲ್ಯಾಪ್‌ಟಾಪ್ ಮೇಲೆ ಕಷಾಯ ಚೆಲ್ಲಿತು. ಒರೆಸಿ, ಅಕ್ಕಿ ಡಬ್ಬದಲ್ಲಿಟ್ಟು, ಮರುದಿನ ಆನ್ ಮಾಡಿದೆ. ಚೆನ್ನಾಗಿಯೇ ನಡೆಯುತ್ತಿದೆ. ಇನ್ನು ಭಯ ಇಲ್ಲ ಅಲ್ಲವೇ?
— ಗೃಹಿಣಿ, ಶಿರಸಿ ತಾಲೂಕು

ಭಯ ಇದೆ ಅಮ್ಮಾ. ಬರೀ ನೀರಾಗಿದ್ದರೆ ಬೇರೆ ಮಾತು. ನಮ್ಮ ಕಷಾಯದಲ್ಲಿ ಬೆಲ್ಲ, ಹಾಲು ಎರಡೂ ಇರುತ್ತವೆ. ನೀರು ಆರಿದ ಮೇಲೂ ಬೆಲ್ಲದ ಅಂಟು ಬೋರ್ಡಿನ ಮೇಲೆ ಉಳಿದಿದೆ. ಮಳೆಗಾಲದ ಗಾಳಿಯಿಂದ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ. ಕರೆಂಟ್ ಹರಿಯುವಾಗ ಅಲ್ಲೇ ಕಿಲುಬು ಶುರು. ಮೊದಲು ಒಂದೆರಡು ಕೀಲಿ ಕೆಲಸ ನಿಲ್ಲಿಸುತ್ತವೆ, ಆಮೇಲೆ ಒಂದು ದಿನ ಬೋರ್ಡೇ ಹೋಗುತ್ತದೆ. ಇರುವೆ ಬರುವುದಂತೂ ಗ್ಯಾರಂಟಿ.

ಅಕ್ಕಿಯಿಂದ ಪ್ರಯೋಜನ ಇಲ್ಲ. ಒಳಗೆ ಸಿಕ್ಕಿಕೊಂಡ ಹನಿಯನ್ನು ಅದು ಎಳೆಯುವುದಿಲ್ಲ, ಮೇಲಾಗಿ ಫ್ಯಾನಿನ ಸಂದಿಯಲ್ಲಿ ಕಾಳು ಸೇರಿಕೊಳ್ಳುತ್ತದೆ. ಇವತ್ತೇ ಬೇಕಾದ ಫೈಲು ಕಾಪಿ ಮಾಡಿಕೊಂಡು, ಆಫ್ ಮಾಡಿ, ಅಂಗಡಿಗೆ ಕೊಡಿ. ಬೋರ್ಡ್ ಹೊರತೆಗೆದು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯುತ್ತೇವೆ. ಏನು ಚೆಲ್ಲಿತು ಎಂದು ನಿಜ ಹೇಳಿ. "ಏನೂ ಚೆಲ್ಲಲಿಲ್ಲ" ಎನ್ನುವವರ ಲ್ಯಾಪ್‌ಟಾಪ್ ಬಿಚ್ಚಿದಾಗ ಜೀರಿಗೆ ವಾಸನೆ ಬರುತ್ತದೆ.

ಇನ್ನೊಮ್ಮೆ ಚೆಲ್ಲಿದರೆ: ಮೊದಲು ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಫೈಲ್ ಸೇವ್ ಮಾಡುತ್ತಾ ಕೂರಬೇಡಿ. ತೆರೆದು ಕೀಬೋರ್ಡ್ ಕೆಳಮುಖವಾಗುವ ಹಾಗೆ ಮೇಜಿನ ಅಂಚಿನಲ್ಲಿ ಬೋರಲು ಇಡಿ. ಹೇರ್ ಡ್ರೈಯರ್ ಬೇಡ. ಆನ್ ಆಗುತ್ತದಾ ಎಂದು ನೋಡುವ ಆಸೆ ತಡೆದುಕೊಂಡರೆ ಅರ್ಧ ರಿಪೇರಿ ಆದ ಹಾಗೆ.

ಪ್ರಶ್ನೆ: ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದೆ, ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದೆ. ಪರೀಕ್ಷೆ ಮುಗಿಯುವ ತನಕ ಹೀಗೇ ಬಳಸಬಹುದಾ?
— ಪದವಿ ವಿದ್ಯಾರ್ಥಿ, ಭಟ್ಕಳ

ಬೇಡ. ಉಬ್ಬಿರುವುದು ಬ್ಯಾಟರಿ, ಒಳಗೆ ಗ್ಯಾಸ್ ತುಂಬಿದೆ. ಆಫ್ ಮಾಡು, ಚಾರ್ಜಿಗೆ ಹಾಕಬೇಡ. ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡ, ಚುಚ್ಚಿದರೆ ಬೆಂಕಿ. ಹಾಸಿಗೆ, ಪುಸ್ತಕದ ರಾಶಿಯಿಂದ ದೂರ, ಬರಿ ನೆಲದ ಮೇಲಿಡು. ಇವತ್ತೋ ನಾಳೆಯೋ ಅಂಗಡಿಯಲ್ಲಿ ಬ್ಯಾಟರಿ ತೆಗೆಸು. ಎಷ್ಟೋ ಮಾದರಿಗಳು ಬ್ಯಾಟರಿ ಇಲ್ಲದೆ ಚಾರ್ಜರಿನಲ್ಲೇ ನಡೆಯುತ್ತವೆ, ಪರೀಕ್ಷೆ ಹಾಗೇ ಮುಗಿಸಬಹುದು. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡ, ಅಂಗಡಿಯವರಿಗೇ ಬಿಡು.

ಪ್ರಶ್ನೆ: ಶಾಲೆಯ ಕಂಪ್ಯೂಟರ್ ತುಂಬಾ ನಿಧಾನ. ರಿಪೇರಿ ಹುಡುಗ ಪ್ರತಿ ಸಲ ಬಂದು ಫಾರ್ಮ್ಯಾಟ್ ಮಾಡುತ್ತಾನೆ, ದುಡ್ಡು ತೆಗೆದುಕೊಳ್ಳುತ್ತಾನೆ, ಎರಡು ತಿಂಗಳಿಗೆ ಮತ್ತೆ ಅದೇ ಕತೆ. ಹೋದ ಸಲ ಮಾಡಿದ ಮೇಲೆ ಹಳೆಯ ಕನ್ನಡ ಫೈಲುಗಳೆಲ್ಲ ಚಿತ್ರವಿಚಿತ್ರ ಅಕ್ಷರವಾಗಿ ಕಾಣುತ್ತಿವೆ. ವೈರಸ್ಸೇ?
— ಶಿಕ್ಷಕಿ, ಯಲ್ಲಾಪುರ

ಟೀಚರ್, ಎರಡನೆಯದಕ್ಕೆ ಮೊದಲು ಉತ್ತರ. ವೈರಸ್ ಅಲ್ಲ, ಫೈಲೂ ಕೆಟ್ಟಿಲ್ಲ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲದ ಫೈಲುಗಳಿಗೆ ಅದೇ ಫಾಂಟ್ ಇರಲೇಬೇಕು. ಫಾರ್ಮ್ಯಾಟ್ ಮಾಡಿದಾಗ ಫಾಂಟ್ ಹೋಗಿದೆ. ನುಡಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಅಕ್ಷರ ವಾಪಸ್ ಬರುತ್ತದೆ. ಆ ಗೋಜಲು ಕಂಡು ಗಾಬರಿಯಾಗಿ ಫೈಲ್ ಡಿಲೀಟ್ ಮಾಡಿದ್ದರೆ ಮಾತ್ರ ಕಷ್ಟ.

ಇನ್ನು ಫಾರ್ಮ್ಯಾಟು. ನಮ್ಮ ಕಸುಬಿನವರ ಬಗ್ಗೆ ನಾನೇ ಹೇಳುವುದು ಚೆಂದ ಅಲ್ಲ, ಆದರೂ ಹೇಳುತ್ತೇನೆ. ಏನು ತೊಂದರೆ ಎಂದು ಹುಡುಕುವುದಕ್ಕಿಂತ ಫಾರ್ಮ್ಯಾಟ್ ಹೊಡೆಯುವುದು ಸುಲಭ. ಅದಕ್ಕೇ ಎಲ್ಲದಕ್ಕೂ ಅದೇ ಮದ್ದು. ಎರಡು ತಿಂಗಳಿಗೆ ಅದೇ ಕತೆ ಅಂದರೆ ಮೂಲ ಕಾರಣ ಹಾಗೇ ಇದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಏನೂ ಕೆಲಸ ಮಾಡದೆ ಇರುವಾಗಲೂ ಡಿಸ್ಕ್ ಎಂಬಲ್ಲಿ 100 ಪರ್ಸೆಂಟ್ ನಿಂತಿದ್ದರೆ ಹಳೆಯ ಹಾರ್ಡ್ ಡಿಸ್ಕಿಗೆ ತಡೆಯುತ್ತಿಲ್ಲ, ಅಥವಾ ಅದು ಸಾಯುವ ಹಾದಿಯಲ್ಲಿದೆ. ಮೆಮೊರಿ ತುಂಬಿ ತುಳುಕುತ್ತಿದ್ದರೆ ರ‍್ಯಾಮ್ ಸಾಲದು. ಆನ್ ಆಗುವಾಗಲೇ ಹತ್ತಾರು ಪ್ರೋಗ್ರಾಂ ತಾವಾಗಿ ಶುರುವಾಗುತ್ತಿದ್ದರೆ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ನೀವೇ ಆಫ್ ಮಾಡಬಹುದು, ಬೇಕಾದರೆ ಮತ್ತೆ ಆನ್ ಮಾಡಬಹುದು. ಹಳೆ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಅದೇ ಕಂಪ್ಯೂಟರ್ ಗುರುತು ಸಿಗದಷ್ಟು ಚುರುಕಾಗುತ್ತದೆ. ಪದೇಪದೇ ಫಾರ್ಮ್ಯಾಟಿಗೆ ಕೊಟ್ಟ ದುಡ್ಡಿನಲ್ಲಿ ಅದು ಯಾವತ್ತೋ ಆಗಿರುತ್ತಿತ್ತು.

ಇನ್ನೊಂದು ವಿಷಯ ನಿಮ್ಮ ಶಾಲೆಗೆ ತಾಗಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನಿಮ್ಮದು ಅದಕ್ಕಿಂತ ಹಳೆಯದಾದರೆ ದುಡ್ಡು ಹಾಕುವ ಮೊದಲು ಯೋಚಿಸಿ. ಫಾರ್ಮ್ಯಾಟ್ ಮಾಡಿಸಲೇಬೇಕಾದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫಾಂಟು ಎಲ್ಲ ಕಾಪಿ ಆಯಿತಾ ಎಂದು ಎದುರು ಕೂತು ನೋಡಿ. "ಎಲ್ಲ ತೆಗೆದಿಟ್ಟಿದ್ದೇನೆ ಮೇಡಂ" ಎಂಬ ಮಾತನ್ನು ಫೈಲ್ ತೆರೆದು ನೋಡುವವರೆಗೆ ನಂಬಬೇಡಿ.

ಪ್ರಶ್ನೆ: ಪರದೆ ತುಂಬ ಕೆಂಪು ಎಚ್ಚರಿಕೆ, ಜೋರಾಗಿ ಸೈರನ್. "ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಬರುತ್ತಿದೆ. ರಿಪೇರಿಗೆ ಕೊಡಲಾ?
— ಕಿರಾಣಿ ವ್ಯಾಪಾರಿ, ಹೊನ್ನಾವರ

ಕಂಪ್ಯೂಟರಿಗೆ ಏನೂ ಆಗಿಲ್ಲ. ಅದೊಂದು ವೆಬ್ ಪುಟ, ಹೆದರಿಸಿ ದುಡ್ಡು ಕೀಳುವ ಜನರದ್ದು. ನಿಜವಾದ ಮೈಕ್ರೋಸಾಫ್ಟ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆಲ್ಟ್ ಮತ್ತು ಎಫ್4 ಒತ್ತಿ. ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಬ್ರೌಸರ್ ತೆರೆದಾಗ ಹಳೆ ಪುಟ ತೆರೆಯಲಾ ಎಂದು ಕೇಳಿದರೆ ಬೇಡ ಅನ್ನಿ.

ಆಗಲೇ ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿ, ಅವರ ಕೈಗೆ ಕಂಪ್ಯೂಟರ್ ಕೊಟ್ಟಿದ್ದರೆ ವಿಷಯ ಬೇರೆ. ತಕ್ಷಣ ಇಂಟರ್ನೆಟ್ ಕಿತ್ತುಹಾಕಿ. ಬೇರೆ ಫೋನಿನಿಂದ ಬ್ಯಾಂಕಿನ, ಇಮೇಲಿನ ಪಾಸ್‌ವರ್ಡ್ ಬದಲಿಸಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಆಮೇಲೆ ಕಂಪ್ಯೂಟರನ್ನು ಅಂಗಡಿಗೆ ಕೊಡಿ. ಈ ಒಂದು ಸಂದರ್ಭದಲ್ಲಿ ಫಾರ್ಮ್ಯಾಟ್ ಮಾಡಿಸಿ ಎಂದು ನಾನೇ ಹೇಳುತ್ತೇನೆ.

ಪ್ರಶ್ನೆ: ನಮ್ಮೂರಿಗೆ ಬಸ್ಸೇ ಅಪರೂಪ. ಅಂಗಡಿಗೆ ಒಮ್ಮೆ ಬಂದರೆ ಇಡೀ ದಿನ ಹೋಯಿತು. ಹೋದ ಸಲ ಒಂದು ಕಡೆ ಕೊಟ್ಟಾಗ ಏನು ಹಾಕಿದರೋ ಏನು ತೆಗೆದರೋ ಗೊತ್ತೇ ಆಗಲಿಲ್ಲ. ರಿಪೇರಿಗೆ ಕೊಡುವವರು ಏನೇನು ನೋಡಿಕೊಳ್ಳಬೇಕು?
— ಓದುಗರು, ಜೋಯಿಡಾ ತಾಲೂಕು

ಹೊರಡುವ ಮೊದಲು ಫೋನ್ ಮಾಡಿ. ಏನಾಗುತ್ತದೆ, ಯಾವಾಗಿನಿಂದ, ಅದಕ್ಕೆ ಮೊದಲು ಏನು ಮಾಡಿದ್ದಿರಿ, ಇಷ್ಟು ಹೇಳಿ. ನೀಲಿ ಪರದೆ ಬಂದರೆ ಅದರ ಫೋಟೋ ಕಳಿಸಿ, ಕೆಳಗಿನ ಕೋಡ್ ಓದುವ ಹಾಗಿರಲಿ. ಬೀಪ್ ಬಂದರೆ ಫೋನಿನಲ್ಲೇ ಕೇಳಿಸಿ. ಎಷ್ಟೋ ತೊಂದರೆ ಅಲ್ಲೇ ಮುಗಿಯುತ್ತದೆ. ಯಾವ ಭಾಗ ಬೇಕಾಗಬಹುದು ಎಂದು ಗೊತ್ತಾದರೆ ಹುಬ್ಬಳ್ಳಿಯಿಂದ ಮೊದಲೇ ತರಿಸಿಡಬಹುದು, ನಿಮಗೆ ಎರಡನೇ ಸಲ ಬರುವುದು ತಪ್ಪುತ್ತದೆ.

ವಾರಂಟಿ ಇದ್ದರೆ ನನ್ನ ಹತ್ತಿರವೂ ತರಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ನಾನು ಬಿಚ್ಚಿದರೆ ನಾಳೆ ಅವರು ತಕರಾರು ತೆಗೆಯಬಹುದು. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ ರಿಕವರಿ ಕೀ, ಅಂದರೆ ಡಿಸ್ಕಿಗೆ ಹಾಕಿದ ಬೀಗ ತೆಗೆಯುವ 48 ಅಂಕಿಯ ಸಂಖ್ಯೆ, ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇದೆಯಾ ನೋಡಿ ಬರೆದಿಟ್ಟುಕೊಳ್ಳಿ. ಮದರ್‌ಬೋರ್ಡ್ ಬದಲಿಸಿದ ಮೇಲೆ ಅದನ್ನು ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಫೈಲ್ ಸಿಗುವುದಿಲ್ಲ. ಅಕೌಂಟ್ ಮಾಡಿಕೊಟ್ಟ ಅಂಗಡಿಯವರ ಇಮೇಲ್ ಹಾಕಿಸಿಕೊಂಡವರು ತುಂಬ ಜನ ಇದ್ದಾರೆ, ಅದನ್ನೂ ಈಗಲೇ ನೋಡಿಕೊಳ್ಳಿ.

ಕೊಡುವಾಗ ಚೀಟಿ ಕೇಳಿ. ಅದರಲ್ಲಿ ಮಾದರಿ, ಸೀರಿಯಲ್ ನಂಬರ್, ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಬರೆಸಿ. ಖರ್ಚು ಇಷ್ಟಕ್ಕಿಂತ ಜಾಸ್ತಿಯಾಗುವುದಾದರೆ ಕೆಲಸ ನಿಲ್ಲಿಸಿ ಫೋನ್ ಮಾಡಿ ಎಂದು ಖಡಾಖಂಡಿತ ಹೇಳಿ. ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ. ನೆಟ್ಟಗೆ ಕೆಲಸ ಮಾಡುವವರು ಇದಕ್ಕೆಲ್ಲ ಸಿಟ್ಟಾಗುವುದಿಲ್ಲ. ಪಾಸ್‌ವರ್ಡ್ ಕೊಡಬೇಕಾಗಿ ಬಂದರೆ ರಿಪೇರಿಯ ಮಟ್ಟಿಗೆ ಸುಲಭದ್ದೊಂದು ಇಟ್ಟುಕೊಡಿ, ಮನೆಗೆ ಬಂದು ಬದಲಿಸಿ.

ಡೆಸ್ಕ್‌ಟಾಪ್ ಆದರೆ ಸಿಪಿಯು ಒಂದೇ ಸಾಕು. ಮಾನಿಟರು, ಕೀಬೋರ್ಡು ನಮ್ಮಲ್ಲೇ ಇವೆ. ಬಸ್ಸಿನ ಡಿಕ್ಕಿಗೆ ಹಾಕಬೇಡಿ, ಪಕ್ಕದ ಸೀಟಿನಲ್ಲೋ ತೊಡೆಯ ಮೇಲೋ ಇಟ್ಟುಕೊಳ್ಳಿ, ಮಳೆಗೆ ಪ್ಲಾಸ್ಟಿಕ್ ಸುತ್ತಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಮರೆಯಲೇಬೇಡಿ. ಬರುವವರಲ್ಲಿ ಎಷ್ಟೋ ಜನ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ, ನೋಡಿದರೆ ಕೆಟ್ಟಿರುವುದು ಆ ಚಾರ್ಜರ್ರೇ.